ಕಾಪಾಡೋದು ಬಿಟ್ಟು ಫೋಟೋ ತೆಗೀತಾರಲ್ಲ?

ಕೋಲಾರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಗೋಡೆ ತುಂಬ ಮದುವೆ, ನಾಮಕರಣದ ಫೋಟೋಗಳು. ನಡುವೆ ಪತ್ರಿಕೆಯಿಂದ ಕತ್ತರಿಸಿ ಫ್ರೇಮ್ ಹಾಕಿಸಿದ ಚಿತ್ರವೊಂದಿದೆ. ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದವರು ಅದನ್ನು ನೋಡಿ ಕೇಳುತ್ತಾರೆ: "ಅಲ್ಲ ಸಾರ್, ಜನ ಅಷ್ಟು ಕಷ್ಟದಲ್ಲಿರುವಾಗ ಕಾಪಾಡೋದು ಬಿಟ್ಟು ಫೋಟೋ ತೆಗೀತಾರಲ್ಲ, ಮನಸ್ಸಾದರೂ ಹೇಗೆ ಬರುತ್ತೆ?"

ಆ ಚಿತ್ರ ರಾಯಿಟರ್ಸ್ ಸುದ್ದಿಸಂಸ್ಥೆಯ ಫೋಟೋಗ್ರಾಫರ್ ದಾನಿಶ್ ಸಿದ್ದಿಕಿ ತೆಗೆದದ್ದು, 2017ರ ಸೆಪ್ಟೆಂಬರ್‌ನಲ್ಲಿ. ಮ್ಯಾನ್ಮಾರ್‌ನಿಂದ ಜೀವ ಉಳಿಸಿಕೊಂಡು ದೋಣಿಯಲ್ಲಿ ಬಂದ ರೋಹಿಂಗ್ಯಾ ಹೆಂಗಸೊಬ್ಬರು ಬಾಂಗ್ಲಾದೇಶದ ದಡ ಸೇರಿದ ಗಳಿಗೆ. ಸೋತು ಕುಸಿದು, ಕೈಚಾಚಿ ಒದ್ದೆ ಮರಳನ್ನು ಮುಟ್ಟುತ್ತಿದ್ದಾರೆ. ಹಿಂದೆ ದೋಣಿಯಿಂದ ಸಾಮಾನು ಇಳಿಸುತ್ತಿದ್ದಾರೆ. ರಕ್ತ ಇಲ್ಲ, ಬಂದೂಕು ಇಲ್ಲ. ನನ್ನ ಕಣ್ಣು ಮಾತ್ರ ಪ್ರತಿ ಸಲ ಆ ಕೈ ಮೇಲೇ ಹೋಗಿ ನಿಲ್ಲುತ್ತದೆ. ರಾಯಿಟರ್ಸ್ ತಂಡಕ್ಕೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ತಂದ ಚಿತ್ರಗಳಲ್ಲಿ ಇದೂ ಒಂದು. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ ಯುದ್ಧದ ಚಿತ್ರ ತೆಗೆಯಲು ಹೋಗಿದ್ದಾಗಲೇ ದಾನಿಶ್ ಹತರಾದರು. ಆಗಿನ್ನೂ 38 ವರ್ಷ.

ಕಾಪಾಡಿದವರೂ ಇದ್ದಾರೆ. 1972ರ ಜೂನ್ 8, ವಿಯೆಟ್ನಾಂನ ಟ್ರಾಂಗ್ ಬಾಂಗ್. ಮೈಗೆ ಅಂಟಿಕೊಂಡು ಉರಿಯುವ ನೇಪಾಮ್ ಬಾಂಬಿಗೆ ಮೈ ಸುಟ್ಟು ರಸ್ತೆಯಲ್ಲಿ ಅಳುತ್ತಾ ಓಡಿಬಂದ ಒಂಬತ್ತು ವರ್ಷದ ಕಿಮ್ ಫುಕ್‌ಳ ಚಿತ್ರ ನೀವೂ ನೋಡಿರುತ್ತೀರಿ. ಅದನ್ನು ಯಾರು ತೆಗೆದದ್ದು ಅಂತ ಈಚೆಗೆ ವಿವಾದ ಎದ್ದಿದೆ. ಆದರೆ ಅಲ್ಲಿದ್ದ ಎಪಿ ಸುದ್ದಿಸಂಸ್ಥೆಯ ಫೋಟೋಗ್ರಾಫರ್ ನಿಕ್ ಉಟ್ ಆ ಮಗುವನ್ನು ವ್ಯಾನಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಸೇರಿಸಿದರು. ಅವಳು ಬದುಕಿದಳು.

ಎಲ್ಲ ಕಡೆ ಹಾಗೆ ಆಗೋದಿಲ್ಲ, ನಿಜ. ಕ್ಯಾಮೆರಾ ಹಿಡಿದವನ ಹತ್ತಿರ ಔಷಧಿ ಇರುವುದಿಲ್ಲ. ಆದರೆ ನಾಳೆ ಯಾರಾದರೂ "ಅಂಥದ್ದೇನೂ ನಡೆದೇ ಇಲ್ಲ" ಅಂದಾಗ ಎದುರಿಗಿಡಲು ಒಂದು ಚಿತ್ರ ಇರುತ್ತದೆ. ಅದಕ್ಕೇ ಅವರು ಅಲ್ಲಿ ಇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಾಳಗದ ಸಾವನ್ನು ಹೀಗೆ ಚಿತ್ರವಾಗಿ ಉಳಿಸೋದು ನಮ್ಮ ಸೀಮೆಗೆ ಹೊಸದಲ್ಲ. ಊರೂರಿಗೂ ವೀರಗಲ್ಲು ಇದೆ, ಅಲ್ವಾ? ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಯುದ್ಧದ ಫೋಟೋದಲ್ಲಿ ಕೆಳಗಿನ ಹಂತ ಒಂದೇ ಇರುತ್ತದೆ. ಅಪ್ಸರೆಯರು ಬರುವುದೇ ಇಲ್ಲ. ಬಿದ್ದವನು ಬಿದ್ದೇ ಇರುತ್ತಾನೆ. ಐವತ್ತು ವರ್ಷ ಆದರೂ ನೋಡಿದವರ ಹೊಟ್ಟೆ ತೊಳಸುವುದು ಅದಕ್ಕೇ ಅನ್ನಿಸುತ್ತದೆ.

ನಮ್ಮೂರ ಕೆರೆ ಏರಿಯ ವೀರಗಲ್ಲು ಅರ್ಧ ಹೂತುಹೋಗಿತ್ತು. ಮೇಲಿನ ಲಿಂಗ ಮಾತ್ರ ಕಾಣುತ್ತಿತ್ತು. ಅದಕ್ಕೇ ಎಣ್ಣೆ, ಕುಂಕುಮ, ಹೂವು. ಹೋದ ಬೇಸಿಗೆಯಲ್ಲಿ ಹುಡುಗರು ಸುತ್ತಲಿನ ಮಣ್ಣು ತೆಗೆದರು. ನಾನು ನಾಲ್ಕು ಕೊಡ ನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಿದೆ. ಮೊದಲು ಒಂದು ಹಸುವಿನ ಕೊಂಬು ಕಂಡಿತು. ಆಮೇಲೆ ಬಿಲ್ಲು. ಅದರ ಕೆಳಗೆ, ಎದೆಗೆ ಬಾಣ ನೆಟ್ಟ ಒಬ್ಬ ಮನುಷ್ಯ, ಬಾಯಿ ತೆರೆದುಕೊಂಡು.