ಬ್ಯಾಕ್ ಒತ್ತಿದರೆ ಪುಟ ಮೊದಲಿಂದ ಯಾಕೆ ಲೋಡ್ ಆಗಬೇಕು?

ಸೀರೆ ಮಾರುವ ಸೈಟಿನ ಕ್ಲೈಂಟ್ ಡೆಮೋ ನಡೆಯುತ್ತಿತ್ತು. ಪಟ್ಟಿಯಲ್ಲಿ ಕೆಳಗೆ ಹೋಗಿ ಒಂದು ಸೀರೆ ತೆರೆದರು, ನೋಡಿದರು, ಬ್ಯಾಕ್ ಒತ್ತಿದರು. ಪರದೆ ಬಿಳಿ. ಸ್ಪಿನ್ನರ್ ಸುತ್ತುತ್ತಲೇ ಇತ್ತು. ಪಟ್ಟಿ ಬಂದಾಗ ಮತ್ತೆ ಮೇಲಿನಿಂದ ಶುರು. ಇನ್ನೊಂದು ಸೀರೆ, ಮತ್ತೆ ಬ್ಯಾಕ್, ಮತ್ತೆ ಬಿಳಿ ಪರದೆ. ಕಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಆ ಕೆಲವು ನಿಮಿಷ ನೆನೆದರೆ ಇವತ್ತಿಗೂ ಮೈ ಬಿಸಿಯಾಗುತ್ತದೆ.

ಎಲ್ಲರ ಕಣ್ಣು ಎಪಿಐ ಮೇಲೆ, ಅಂದರೆ ಸರ್ವರ್‌ನಿಂದ ಪಟ್ಟಿ ತಂದುಕೊಡುವ ಕೋಡ್ ಮೇಲೆ. ನನಗೂ ಅದೇ ಅನುಮಾನ. ಡೇಟಾಬೇಸ್ ಬೇಗ ಹುಡುಕಲಿ ಅಂತ ಇಂಡೆಕ್ಸ್ ಹಾಕಿದೆವು. ಪಟ್ಟಿ ಬೇಗ ಬಂತು, ಬ್ಯಾಕ್ ಮಾತ್ರ ಅದೇ ಕತೆ. ಕೊನೆಗೆ ಕ್ರೋಮ್‌ನೊಳಗಿನ ತಪಾಸಣಾ ಸಾಧನ ಡೆವ್‌ಟೂಲ್ಸ್‌ನಲ್ಲಿ ಬ್ಯಾಕ್/ಫಾರ್ವರ್ಡ್ ಕ್ಯಾಶ್ ಟೆಸ್ಟ್ ಓಡಿಸಿದಾಗ ಕಾರಣ ಸಿಕ್ಕಿತು: ಪುಟದ ಜೊತೆ ಸರ್ವರ್ ಕಳಿಸುವ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ನೋ-ಸ್ಟೋರ್ ಇದೆ, ಅಂದರೆ ‘ಪ್ರತಿ ಇಟ್ಟುಕೊಳ್ಳಬೇಡ’ ಎಂಬ ಸೂಚನೆ.

ಬ್ಯಾಕ್ ಒತ್ತಿದಾಗ ಬ್ರೌಸರ್ ಸರ್ವರ್‌ಗೆ ಹೋಗಲೇಬೇಕು ಅಂತೇನಿಲ್ಲ. ಬಿಟ್ಟುಬಂದ ಪುಟವನ್ನು ಜಾವಾಸ್ಕ್ರಿಪ್ಟ್, ಸ್ಕ್ರೋಲ್ ಸಮೇತ ಮೆಮೊರಿಯಲ್ಲಿ ಇಟ್ಟುಕೊಂಡು ಹಾಗೇ ತೋರಿಸುತ್ತದೆ. ಅದೇ ಬ್ಯಾಕ್/ಫಾರ್ವರ್ಡ್ ಕ್ಯಾಶ್, ಚುಟುಕಾಗಿ ಬಿಎಫ್‌ಕ್ಯಾಶ್. ಫೈರ್‌ಫಾಕ್ಸ್‌ನಲ್ಲಿ 2005ರಿಂದ ಇದೆ, ಡೆಸ್ಕ್‌ಟಾಪ್ ಕ್ರೋಮ್‌ಗೆ 2021ರಲ್ಲಿ ಬಂತು. ನೋ-ಸ್ಟೋರ್ ಕಂಡರೆ ಬ್ರೌಸರ್‌ಗಳು ಸಾಮಾನ್ಯವಾಗಿ ಹಾಗೆ ಇಟ್ಟುಕೊಳ್ಳುವುದಿಲ್ಲ. ಕ್ರೋಮ್ ಈಚೆಗೆ ಕೆಲವು ಕಡೆ ಸಡಿಲ ಮಾಡಿದೆ, ಅದನ್ನೇ ನಂಬಿ ಕೂರಬೇಡಿ.

ಹೆಡರ್ ಬಂದದ್ದು ಸೆಕ್ಯೂರಿಟಿ ಆಡಿಟ್‌ನಿಂದ. ಲಾಗೌಟ್ ಆದಮೇಲೆ ಬ್ಯಾಕ್ ಒತ್ತಿದರೆ ಹಿಂದಿನವರ ಆರ್ಡರ್ ಕಾಣಬಾರದು. ಭಯ ಸರಿಯಾದದ್ದೇ. ಆದರೆ ಅದಕ್ಕಾಗಿ ನಮ್ಮ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನಲ್ಲಿ ಇಡೀ ಸೈಟಿಗೆ ಒಂದೇ ಸಾಲು ಹಾಕಿದ್ದರು. ಸೀರೆ ಪಟ್ಟಿಯಲ್ಲಿ ಗುಟ್ಟೇನಿದೆ ಹೇಳಿ? ‘ಚೆಕ್‌ಲಿಸ್ಟ್‌ನಲ್ಲಿ ಎಲ್ಲ ಪುಟ ಅಂತಿದೆ’ ಅನ್ನುವ ಉತ್ತರ ದಾಟಲು ಕೋಡ್‌ಗಿಂತ ಜಾಸ್ತಿ ಶ್ರಮ ಬೇಕಾಯಿತು.

ಈಗ ಅಕೌಂಟ್, ಪೇಮೆಂಟ್ ಪುಟಗಳಿಗೆ ಮಾತ್ರ ನೋ-ಸ್ಟೋರ್. ಪಟ್ಟಿಗೆ ನೋ-ಕ್ಯಾಶ್ (ಪ್ರತಿ ಇಟ್ಟುಕೋ, ಬಳಸುವ ಮೊದಲು ಕೇಳು), ಜೊತೆಗೆ ಪುಟದ ಆವೃತ್ತಿಯ ಗುರುತಾದ ಈಟ್ಯಾಗ್. ಹೊಸದಾಗಿ ತೆರೆದಾಗ ಬ್ರೌಸರ್ ಸರ್ವರ್ ಅನ್ನು ಕೇಳುತ್ತದೆ, ಏನೂ ಬದಲಾಗಿಲ್ಲದಿದ್ದರೆ ‘ಬದಲಾಗಿಲ್ಲ’ ಅನ್ನುವ 304 ಉತ್ತರ ಬರುತ್ತದೆ. ಬಿಎಫ್‌ಕ್ಯಾಶ್‌ಗೆ ಇದು ಅಡ್ಡಿಯಲ್ಲ. ಕಾರ್ಟ್ ಎಣಿಕೆ ಹಳೆಯದಾಗಿ ಉಳಿಯಬಾರದು ಅಲ್ವಾ, ಹಾಗಾಗಿ ಪುಟ ಕಾಣಿಸಿಕೊಂಡಾಗ ಬರುವ ಪೇಜ್‌ಶೋ ಇವೆಂಟ್‌ನಲ್ಲಿ ಪರ್ಸಿಸ್ಟೆಡ್ (ಪುಟ ಬಿಎಫ್‌ಕ್ಯಾಶ್‌ನಿಂದ ಬಂತೇ ಎಂಬ ಗುರುತು) ನೋಡಿ ಅದೊಂದನ್ನು ಮತ್ತೆ ತರುತ್ತೇವೆ.

ಇಷ್ಟಾದರೂ ಡೆಸ್ಕ್‌ಟಾಪ್‌ನಲ್ಲಿ ಬ್ಯಾಕ್ ಕೈಕೊಡುತ್ತಿತ್ತು. ಹೊರಗಿನ ಕಂಪನಿಯ ಚಾಟ್ ವಿಜೆಟ್, ಪುಟ ಮುಚ್ಚುವಾಗ ಬರುವ ಅನ್‌ಲೋಡ್ ಇವೆಂಟ್‌ಗೆ ಕಿವಿಗೊಟ್ಟು ಕೂತಿತ್ತು. ಅದಿದ್ದರೆ ಡೆಸ್ಕ್‌ಟಾಪ್ ಕ್ರೋಮ್, ಫೈರ್‌ಫಾಕ್ಸ್ ಎರಡೂ ಸಾಮಾನ್ಯವಾಗಿ ಪುಟವನ್ನು ಉಳಿಸಿಕೊಳ್ಳುವುದಿಲ್ಲ. ಅದರ ಬದಲು, ಬಿಎಫ್‌ಕ್ಯಾಶ್‌ಗೆ ಅಡ್ಡಿಯಾಗದ ಪೇಜ್‌ಹೈಡ್ ಇವೆಂಟ್ ಬಳಸಿ ಅಂತ ವಿಜೆಟ್‌ನವರಿಗೆ ಟಿಕೆಟ್ ಹಾಕಿದ್ದೇವೆ. ಅವರು ಸರಿ ಮಾಡುವ ತನಕ ಪಟ್ಟಿ ಪುಟದಲ್ಲಿ ಆ ವಿಜೆಟ್ ಇರುವುದಿಲ್ಲ.