ಊರು ಬಿಟ್ಟ ಟೀಮು

ಯುಕ್ರೇನ್‌ನ ಶಾಖ್ತಾರ್ ಡೊನೆಟ್ಸ್ಕ್ ಫುಟ್‌ಬಾಲ್ ಕ್ಲಬ್ ಕಥೆ ಓದ್ತಾ ಕೂತ್ರೆ ತಲೆ ಗಿರ್ ಅನ್ನುತ್ತೆ. 1936ರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಟೀಮಾಗಿ ಶುರು, ಆಗ ಹೆಸ್ರು ಸ್ಟಖಾನೊವೆಟ್ಸ್. 1995ರಲ್ಲಿ ಕ್ಲಬ್ ಪ್ರೆಸಿಡೆಂಟ್ ಅಖತ್ ಬ್ರಾಗಿನ್‌ನನ್ನ ಸ್ಟೇಡಿಯಂನಲ್ಲೇ ಬಾಂಬ್ ಇಟ್ಟು ಕೊಂದ್ರು, ಮುಂದಿನ ವರ್ಷ ಉದ್ಯಮಿ ರಿನಾತ್ ಅಖ್ಮೆತೊವ್ ಬಂದು ದುಡ್ಡು ಸುರಿದ. ಆಮೇಲೆ ರೊಮೇನಿಯಾದ ಕೋಚ್ ಲುಚೆಸ್ಕು, ಬ್ರೆಜಿಲ್ ಹುಡುಗ್ರನ್ನ ಕರ್ಕೊಂಡು ಬಂದು ಆ ಚಳಿಯ ಗಣಿ ಊರಲ್ಲಿ ಆಡಿಸಿದ್ರು ನೋಡಿ (ಎಂಥ ಧೈರ್ಯ!), 2009ರಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ಪೇ ಬಂತು, ಇಸ್ತಾಂಬುಲ್‌ನಲ್ಲಿ ಜರ್ಮನಿಯ ವೆರ್ಡರ್ ಬ್ರೆಮೆನ್ ಮೇಲೆ 2-1, ಅದೂ ಎಕ್ಸ್‌ಟ್ರಾ ಟೈಮಲ್ಲಿ. ಅದೇ ವರ್ಷ 50 ಸಾವಿರಕ್ಕೂ ಜಾಸ್ತಿ ಸೀಟಿನ ಡಾನ್‌ಬಾಸ್ ಅರೀನಾ ಓಪನ್ ಆಯ್ತು.

ಐದೇ ವರ್ಷ ಅಷ್ಟೇ. 2014ರಲ್ಲಿ ಡೊನೆಟ್ಸ್ಕ್‌ನಲ್ಲಿ ಯುದ್ಧ ಅಂತ ಊರು ಬಿಟ್ಟವ್ರು ವಾಪಸ್ ಹೋಗೋಕೇ ಆಗಿಲ್ಲ, ಲ್ವಿವ್, ಖಾರ್ಕಿವ್, ಕೀವ್ ಅಂತ ಸುತ್ತಿ, 2022ರ ಮೇಲಂತೂ ಯುರೋಪಿನ ಹೋಮ್ ಮ್ಯಾಚ್ ಬೇರೆ ದೇಶದಲ್ಲಿ, ಮೊದ್ಲು ವಾರ್ಸಾ, ಆಮೇಲೆ ಹ್ಯಾಂಬರ್ಗ್. 2023ರಲ್ಲಿ ಆ ಹ್ಯಾಂಬರ್ಗ್‌ನಲ್ಲೇ ಬಾರ್ಸಿಲೋನಾನ 1-0 ಹೊಡೆದು ಹಾಕಿದ್ರು!

ಡೊನೆಟ್ಸ್ಕ್‌ನಲ್ಲಿ ಈಗ ಹತ್ತು ವರ್ಷದ ಹುಡುಗ ಇದ್ರೆ ತನ್ನೂರಿನ ಟೀಮು ತನ್ನೂರಲ್ಲಿ ಆಡಿದ್ದು ನೋಡೇ ಇರಲ್ಲ ಅಲ್ವಾ, ಅದೊಂದು ಯೋಚ್ನೆ ಬಿಡ್ತಾ ಇಲ್ಲ. ಇನ್ಮೇಲೆ ನಾನು ಇವ್ರ ಕಡೆನೇ, ಇವ್ರ ಎದುರಾಳಿ ಡೈನಮೋ ಕೀವ್ ಫ್ಯಾನ್ಸ್ ಯಾರಾದ್ರೂ ಇದ್ರೆ ಬೈಕೊಳ್ಳಿ.