ಹೊಸ ವಿಂಡೋಸ್‌ಗಿಂತ ಮೊದಲು ನುಡಿ ಫೈಲು ನೋಡಿ

ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸಪೋರ್ಟ್ ಮುಗಿಯಿತಲ್ಲ, ಆಮೇಲೆ ಮನೆಗಳ ಹಳೆ ಸಿಪಿಯುಗಳು ಅಂಗಡಿಗೆ ಬರುವುದು ಜಾಸ್ತಿ ಆಗಿದೆ. ಎಲ್ಲರದ್ದೂ ಒಂದೇ ಮಾತು: "11 ಹಾಕಿ ಕೊಡ್ರಿ."

ಎಷ್ಟೋ ಮಷೀನುಗಳಿಗೆ ಅದು ಆಗುವುದಿಲ್ಲ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದರ ನಂತರದ್ದು ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆಯೂ ಬೇಕು. ಈ ತಪಾಸಣೆ ತಪ್ಪಿಸಿ ಹಾಕುವ ದಾರಿಯೂ ಇದೆ. ಆದರೆ ಅಂಥ ಮಷೀನಿಗೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ. ಬ್ಯಾಂಕ್ ವ್ಯವಹಾರ ಮಾಡುವವರಿಗೆ ನಾನು ಹಾಗೆ ಹಾಕಿ ಕೊಡುವುದಿಲ್ಲ. ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್ ಕೂರಿಸಿ, ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್ ತೋರಿಸುತ್ತೇನೆ.

ನಿಜವಾದ ಗಂಡಾಂತರ ಬೇರೆ ಕಡೆ ಇದೆ. ನಿವೃತ್ತ ಮಾಸ್ತರೊಬ್ಬರು ಬೇರೆಲ್ಲೋ ಫಾರ್ಮ್ಯಾಟ್ ಮಾಡಿಸಿ ನನ್ನ ಹತ್ತಿರ ಬಂದರು. "ತಮ್ಮಾ, ನಾ ಬರದದ್ದೆಲ್ಲಾ ಹೋತು ನೋಡು" ಅಂದರು. ವಚನಗಳ ಮೇಲೆ ವರ್ಷಗಟ್ಟಲೆ ಮಾಡಿಟ್ಟ ಟಿಪ್ಪಣಿ. ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ನಡುವೆ ಚಿಹ್ನೆಗಳು. ಅವರ ಕೈ ನಡುಗುತ್ತಿತ್ತು.

"ಇಲ್ರಿ ಸರ, ಎಲ್ಲಾ ಐತ್ರಿ" ಅಂದೆ. ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ. ಅದರ ಹಳೆ ಫೈಲುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತವೆ. ಕನ್ನಡವಾಗಿ ಕಾಣಿಸುವುದು ಫಾಂಟ್‌ನ ಕೆಲಸ. ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಇರುವ ಸಿ ಡ್ರೈವ್‌ನ ಜೊತೆ ಫಾಂಟ್ ಹೋಗಿತ್ತು, ಡಿ ಡ್ರೈವ್‌ನಲ್ಲಿದ್ದ ಬರಹ ಉಳಿದಿತ್ತು. ಫಾಂಟ್ ಹಾಕಿದೆ, ಪುಟ ಕನ್ನಡಕ್ಕೆ ತಿರುಗಿತು. ಮಾಸ್ತರರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಅವತ್ತಿನಿಂದ ಯಾರೇ ಬಂದರೂ ರ್‍ಯಾಮ್ ಎಷ್ಟು ಅಂತ ಕೇಳುವ ಮೊದಲು, "ನುಡಿ, ಬರಹದಾಗ ಟೈಪ್ ಮಾಡಿದ್ದು ಏನರ ಐತೇನ್ರಿ?" ಅನ್ನುತ್ತೇನೆ. ಬರಹ ಅನ್ನುವುದೂ ನುಡಿಯಂಥದ್ದೇ ಇನ್ನೊಂದು ತಂತ್ರಾಂಶ. ಇದ್ದರೆ ಫಾಂಟುಗಳನ್ನೂ ಫೈಲುಗಳ ಜೊತೆ ಹೊರಗಿನ ಡಿಸ್ಕಿಗೆ ಹಾಕುತ್ತೇನೆ. ಮುಖ್ಯವಾದ ಬರಹವನ್ನು ಪಿಡಿಎಫ್ ಕೂಡ ಮಾಡುತ್ತೇನೆ. ಡೆಸ್ಕ್‌ಟಾಪ್ ಮೇಲಿನ ಫೈಲುಗಳು ಇರುವುದು ಸಿ ಡ್ರೈವ್‌ನಲ್ಲೇ, ಫಾರ್ಮ್ಯಾಟ್ ಮಾಡಿದರೆ ಅವೂ ಹೋಗುತ್ತವೆ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಆಮೇಲೆ ಪರಿವರ್ತಕ ತಂತ್ರಾಂಶದಿಂದ, ಕನ್ನಡ ಅಕ್ಷರಗಳಿಗೆ ತಮ್ಮದೇ ಜಾಗ ಇರುವ ಯೂನಿಕೋಡ್‌ಗೆ ಬದಲಿಸುವುದು ಒಳ್ಳೆಯದು, ಆಗ ಮೊಬೈಲಿನಲ್ಲೂ ಓದಬಹುದು. ಆದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡಬಹುದು. ಹಾಗಾಗಿ ಮೂಲ ಫೈಲನ್ನು ಅಳಿಸಬೇಡಿ. ಬರೆದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೆರಡು ಪುಟ ಓದಿಸಿ.